ಕಲ್ಲಿನೊಳಗಿನ ನುಸಿ ಮತ್ತು ಅದರ ನೆಂಟಸ್ತಿಕೆ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಟಾಲ್ಬ್ರಗರ್ ಅಂತ ಒಂದು ಜಾಗವಿದೆ. ಅಲ್ಲಿನ ಕಲ್ಲಿಗೆ ತುಕ್ಕಿನ ಬಣ್ಣ. ಅದು ಪದರ ಪದರವಾಗಿ ಸೀಳುತ್ತದೆ. ಸೀಳಿದರೆ ಒಳಗೆ ಮೀನಿನ ಅಚ್ಚು, ಎಲೆಯ ಅಚ್ಚು, ಅದೃಷ್ಟ ಇದ್ದರೆ ಹುಳುವಿನ ಅಚ್ಚು. ಜುರಾಸಿಕ್ ಕಾಲದಲ್ಲಿ ಅಲ್ಲೊಂದು ಸಿಹಿನೀರಿನ ಕೆರೆ ಇತ್ತು. ಆ ಕಲ್ಲಿಗೆ ಈಗ ಸುಮಾರು 15.1 ಕೋಟಿ ವರ್ಷ.

ಆ ಕೆರೆಯ ಒಂದು ನುಸಿಗೆ 2025ರಲ್ಲಿ ಹೆಸರು ಸಿಕ್ಕಿತು: ಟೆಲ್ಮಾಟೊಮೈಯಾ ಟಾಲ್ಬ್ರಗರಿಕಾ. ನಿಂತ ನೀರಿನ ನೊಣ ಅನ್ನೋ ಅರ್ಥದ ಹೆಸರು, ಜೊತೆಗೆ ಊರಿನ ಗುರುತು. ಸಿಕ್ಕಿದ್ದು ಒಟ್ಟು ಆರು ಮಾದರಿಗಳು. ಸ್ಪೇನ್ ದೇಶದ ಡೊನ್ಯಾನಾ ಜೈವಿಕ ಕೇಂದ್ರದ ನೇತೃತ್ವದಲ್ಲಿ ಒಂದು ತಂಡ ಅವನ್ನು ಪರೀಕ್ಷಿಸಿ, ಗೊಂಡ್ವಾನ ರಿಸರ್ಚ್ ಪತ್ರಿಕೆಯಲ್ಲಿ ವಿವರ ಪ್ರಕಟಿಸಿತು.

ಆರು ಸತ್ತ ನುಸಿಗಳು. ಅದಕ್ಕೇನು ಇಷ್ಟು ಗಲಾಟೆ?

ಹೊಸ ಪ್ರಭೇದ ಸಿಗೋದೇ ದೊಡ್ಡ ಸುದ್ದಿ ಅಲ್ಲ. ನೊಣಗಳ ಬಳಗದಲ್ಲಿ ಈಗಾಗಲೇ ಒಂದೂವರೆ ಲಕ್ಷಕ್ಕೂ ಜಾಸ್ತಿ ಪ್ರಭೇದಗಳಿಗೆ ಹೆಸರಿದೆ, ಪ್ರತಿ ವರ್ಷ ಹೊಸವು ಸೇರುತ್ತಲೇ ಇರುತ್ತವೆ. ಬಹುಪಾಲು ಹೊಸ ಪ್ರಭೇದಗಳು ಪಟ್ಟಿಯಲ್ಲಿ ಒಂದು ಸಾಲಾಗಿ ಕೂರುತ್ತವೆ, ಅಷ್ಟೇ. ಆದರೆ ಅಪರೂಪಕ್ಕೆ ಒಂದು ಬಂದು ಕೂತ ಕೂಡಲೇ ಅಕ್ಕಪಕ್ಕದವರೆಲ್ಲ ಎದ್ದು ಜಾಗ ಬದಲಿಸಬೇಕಾಗುತ್ತದೆ. ಈ ನುಸಿ ಆ ಥರದ್ದು. ಯಾಕೆ ಅಂತ ತಿಳಿಯಬೇಕಾದರೆ, ಕೀಟಗಳ ನೆಂಟಸ್ತಿಕೆಯನ್ನು ಹೇಗೆ ಲೆಕ್ಕ ಹಾಕುತ್ತಾರೆ ಅನ್ನೋದನ್ನ ಮೊದಲು ನೋಡಬೇಕು.

ಮಾತಿನಲ್ಲಿ ನಾವು ನೊಣ, ಸೊಳ್ಳೆ, ನುಸಿ ಅಂತ ಬೇರೆ ಬೇರೆ ಹೇಳುತ್ತೇವೆ. ಜೀವಶಾಸ್ತ್ರದಲ್ಲಿ ಇವೆಲ್ಲ ಒಂದೇ ಮನೆತನ, ಡಿಪ್ಟೆರಾ. ಅಂದರೆ ಎರಡು ರೆಕ್ಕೆಯವು. ಜೇನು, ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಇವಕ್ಕೆಲ್ಲ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ. ಹಾಗಾದರೆ ಹಿಂದಿನ ಜೋಡಿ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಗೋಡೆ ಮೇಲೆ ಉದ್ದುದ್ದ ಕಾಲಿನ ದೊಡ್ಡ ಸೊಳ್ಳೆಯಂಥದ್ದು ಕೂತಿರುತ್ತದಲ್ಲ, ಕಚ್ಚದೇ ಇರುವಂಥದ್ದು, ಅದನ್ನು ಹತ್ತಿರದಿಂದ ನೋಡಿ. ರೆಕ್ಕೆಯ ಬುಡದ ಹಿಂದೆ, ಎರಡೂ ಕಡೆ, ಪುಟ್ಟ ಗುಂಡುಸೂಜಿ ಚುಚ್ಚಿಟ್ಟ ಹಾಗೆ ಏನೋ ಕಾಣುತ್ತದೆ. ತೆಳ್ಳಗಿನ ಕಡ್ಡಿ, ತುದಿಯಲ್ಲಿ ಗುಂಡು. ಅದಕ್ಕೆ ಹಾಲ್ಟಿಯರ್ ಅಂತ ಹೆಸರು. ಅದೇ ಹಿಂದಿನ ರೆಕ್ಕೆ. ಹಾರುವಾಗ ಮುಂದಿನ ರೆಕ್ಕೆ ಮೇಲೆ ಹೋದರೆ ಇದು ಕೆಳಗೆ, ಅದು ಕೆಳಗೆ ಬಂದರೆ ಇದು ಮೇಲೆ. ಮೈ ಸ್ವಲ್ಪ ವಾಲಿದರೂ ಇದರ ಬುಡದ ನರಗಳಿಗೆ ಗೊತ್ತಾಗುತ್ತದೆ, ನೊಣ ತಕ್ಷಣ ಸಮ ಮಾಡಿಕೊಳ್ಳುತ್ತದೆ. ಹಾಲ್ಟಿಯರ್ ಕಿತ್ತುಹೋದ ನೊಣ ನೆಟ್ಟಗೆ ಹಾರಲಾರದು.

ಇದು ನಿಜವಾಗಲೂ ರೆಕ್ಕೆಯೇ ಅನ್ನೋದಕ್ಕೆ ಪ್ರಯೋಗಶಾಲೆಯ ಪುರಾವೆಯೂ ಇದೆ. ಅಮೆರಿಕದ ತಳಿವಿಜ್ಞಾನಿ ಎಡ್ವರ್ಡ್ ಲೂಯಿಸ್ ಹಣ್ಣುನೊಣದ ಒಂದು ಗುಂಪಿನ ಜೀನ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಆ ಜೀನ್‌ಗಳ ಕೆಲಸ ಕೆಟ್ಟಾಗ ಹಾಲ್ಟಿಯರ್ ಇರಬೇಕಾದ ಜಾಗದಲ್ಲಿ ಪೂರ್ತಿ ರೆಕ್ಕೆ ಬೆಳೆಯಿತು. ನಾಲ್ಕು ರೆಕ್ಕೆಯ ನೊಣ! ಆ ಕೆಲಸಕ್ಕೆ 1995ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

ಈಗ ಮುಖ್ಯ ವಿಷಯ. ಸೊಳ್ಳೆಗೂ ಮನೆನೊಣಕ್ಕೂ ಆರು ಕಾಲಿವೆ, ಹಾಗಾಗಿ ಅವು ನೆಂಟರು ಅಂತ ಹೇಳಿದರೆ ಅದು ವಾದವೇ ಅಲ್ಲ. ಇರುವೆಗೂ ಆರು ಕಾಲಿವೆ, ಜಿರಲೆಗೂ ಇವೆ. ಆರು ಕಾಲು ಎಲ್ಲ ಕೀಟಗಳ ಹಳೇ ಆಸ್ತಿ. ಆದರೆ ಹಾಲ್ಟಿಯರ್ ಆದ ಹಿಂದಿನ ರೆಕ್ಕೆ ಎರಡಕ್ಕೂ ಇದೆ ಅನ್ನೋದು ವಾದ. ಯಾಕಂದ್ರೆ ಅದು ಆಮೇಲೆ ಹುಟ್ಟಿಕೊಂಡ ಹೊಸತನ.

ಅಚ್ಚಿನ ಯಂತ್ರ ಬರುವ ಮುಂಚೆ ಪುಸ್ತಕಗಳನ್ನು ಕೈಯಲ್ಲಿ ನಕಲು ಮಾಡುತ್ತಿದ್ದರಲ್ಲ, ಅದನ್ನ ನೆನಪಿಸಿಕೊಳ್ಳಿ. ಎರಡು ಪ್ರತಿಗಳಲ್ಲಿ ಸರಿಯಾದ ಪದಗಳು ಒಂದೇ ಥರ ಇದ್ದರೆ ಏನೂ ಗೊತ್ತಾಗುವುದಿಲ್ಲ, ಎಲ್ಲ ಪ್ರತಿಗಳಲ್ಲೂ ಅವು ಇರಲೇಬೇಕು. ಆದರೆ ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಕೈತಪ್ಪು ಇದ್ದರೆ? ಎರಡೂ ಒಂದೇ ತಪ್ಪು ಪ್ರತಿ ನೋಡಿ ಬರೆದವು ಅಂತ ಅನುಮಾನ ಬರುತ್ತದೆ. ವಂಶ ಹುಡುಕುವವರು ಹುಡುಕೋದು ಇಂಥ ಕೈತಪ್ಪುಗಳನ್ನೇ.

ಈ ಮಾತನ್ನು ಒಂದು ಪದ್ಧತಿಯಾಗಿ ಕಟ್ಟಿಕೊಟ್ಟವರು ಜರ್ಮನಿಯ ವಿಲ್ಲಿ ಹೆನ್ನಿಗ್. ಅವರ ಪುಸ್ತಕ ಜರ್ಮನ್ ಭಾಷೆಯಲ್ಲಿ ಬಂದಿದ್ದು 1950ರಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯಲ್ಲಿ ಯುದ್ಧಕೈದಿಯಾಗಿದ್ದ ಹೊತ್ತಲ್ಲಿ ಅವರು ಅದರ ಕರಡು ಬರೆದಿದ್ದರು. ಮತ್ತೆ ಅವರ ಕಸುಬು ಏನು ಗೊತ್ತಾ? ನೊಣಗಳ ಅಧ್ಯಯನ. ಇವತ್ತು ಡೈನೋಸಾರ್‌ನಿಂದ ವೈರಸ್‌ವರೆಗೆ ಎಲ್ಲದರ ವಂಶವೃಕ್ಷ ಬಿಡಿಸುವಾಗ ಬಳಸುವ ತರ್ಕ ನೊಣ ನೋಡುತ್ತಾ ಕೂತವರ ತಲೆಯಿಂದ ಬಂದದ್ದು. ನನಗಂತೂ ಇದು ಬಹಳ ಇಷ್ಟದ ವಿಷಯ.

ಈ ತರ್ಕ ಕೇಳಲು ಸುಲಭ. ಬಳಸುವಾಗ ಮಾತ್ರ ಎಡವಟ್ಟಾಗುತ್ತದೆ. ಸ್ಟ್ರೆಪ್ಸಿಪ್ಟೆರಾ ಅಂತ ಒಂದು ವಿಚಿತ್ರ ಕೀಟಗುಂಪಿದೆ. ಹೆಚ್ಚಿನ ಹೆಣ್ಣುಗಳು ಬೇರೆ ಕೀಟದ ಹೊಟ್ಟೆಯೊಳಗೇ ಜೀವನ ಕಳೆಯುತ್ತವೆ. ಗಂಡು ಹೊರಗೆ ಬಂದು ಕೆಲವೇ ಗಂಟೆ ಹಾರಾಡಿ, ಹೆಣ್ಣನ್ನು ಹುಡುಕಿ, ಸಾಯುತ್ತದೆ. ಆ ಗಂಡಿಗೂ ಹಾಲ್ಟಿಯರ್ ಥರದ ಗುಂಡುಕಡ್ಡಿ ಇದೆ. ಆದರೆ ನೊಣಕ್ಕೆ ಹಿಂದಿನ ರೆಕ್ಕೆ ಗುಂಡುಕಡ್ಡಿಯಾಗಿದ್ದರೆ, ಇದಕ್ಕೆ ಮುಂದಿನ ರೆಕ್ಕೆ.

1990ರ ದಶಕದಲ್ಲಿ ಕೆಲವರು ಡಿಎನ್ಎ ಹೋಲಿಸಿ, ಇವು ನೊಣಗಳ ಹತ್ತಿರದ ನೆಂಟರು ಅಂದರು. ಬೇರೆ ಕೆಲವರು ಸುತರಾಂ ಒಪ್ಪಲಿಲ್ಲ. ಜಗಳ ವರ್ಷಗಟ್ಟಲೆ ನಡೆಯಿತು. ಒಪ್ಪದವರ ತಕರಾರು ಏನಿತ್ತು ಅಂದರೆ, ಈ ಎರಡೂ ಗುಂಪಿನ ಡಿಎನ್ಎ ಬಹಳ ಬೇಗ ಬದಲಾಗಿದೆ. ಡಿಎನ್ಎಯಲ್ಲಿ ಇರೋದು ನಾಲ್ಕೇ ಅಕ್ಷರ. ಎರಡು ಕಡೆ ಬೇಕಾಬಿಟ್ಟಿ ಬದಲಾವಣೆ ಆಗುತ್ತಾ ಹೋದರೆ, ಎಷ್ಟೋ ಜಾಗದಲ್ಲಿ ಆಕಸ್ಮಿಕವಾಗಿಯೇ ಒಂದೇ ಅಕ್ಷರ ಬಂದು ಕೂರುತ್ತದೆ. ಲೆಕ್ಕ ಹಾಕುವ ಕಂಪ್ಯೂಟರ್ ಅದನ್ನು ನೆಂಟಸ್ತಿಕೆ ಅಂದುಕೊಳ್ಳುತ್ತದೆ. ಕೊನೆಗೆ 2012ರಲ್ಲಿ ಪೂರ್ತಿ ಜೀನೋಮ್, ಅಂದರೆ ಒಂದು ಜೀವಿಯ ಇಡೀ ಡಿಎನ್ಎ, ಓದಿ ನೋಡಿದಾಗ ಸ್ಟ್ರೆಪ್ಸಿಪ್ಟೆರಾ ಹೋಗಿ ನಿಂತದ್ದು ದುಂಬಿಗಳ, ಅಂದರೆ ಗಟ್ಟಿ ಕವಚದ ಜೀರುಂಡೆಗಳ ಪಕ್ಕ. ಗುಂಡುಕಡ್ಡಿ ಎರಡು ಸಲ, ಬೇರೆ ಬೇರೆಯಾಗಿ ಹುಟ್ಟಿತ್ತು.

2014ರಲ್ಲಿ ಇನ್ನೂ ದೊಡ್ಡ ಕೆಲಸ ಬಂತು. ಎಲ್ಲ ಮುಖ್ಯ ಕೀಟಗುಂಪುಗಳನ್ನೂ ಸೇರಿಸಿ 1,478 ಜೀನ್‌ಗಳನ್ನು ಹೋಲಿಸಿದರು. ನೊಣಗಳ ಹತ್ತಿರದ ದಾಯಾದಿಗಳು ಅಂತ ನಿಂತದ್ದು ಚಿಗಟಗಳು ಮತ್ತು ಚೇಳುನೊಣಗಳು. ಚೇಳುನೊಣ ಹೆಸರಿಗೆ ಮಾತ್ರ ನೊಣ, ಅದಕ್ಕೆ ನಾಲ್ಕು ರೆಕ್ಕೆ. ಕೆಲವದರ ಗಂಡಿನ ಬಾಲ ಚೇಳಿನ ಕೊಂಡಿಯ ಹಾಗೆ ಮೇಲಕ್ಕೆ ಸುತ್ತಿಕೊಂಡಿರುತ್ತದೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ, ಸುಮ್ನೆ ಹೆದರಿಸುತ್ತದೆ.

ಇಷ್ಟು ಜೀನ್ ಓದೋಕೆ ಬರುತ್ತೆ ಅಂದಮೇಲೆ ಕಲ್ಲು ಒಡೆಯೋದು ಯಾಕೆ? ಕೇಳಬೇಕಾದ ಪ್ರಶ್ನೆಯೇ. ಕಲ್ಲಿನ ನುಸಿಯಲ್ಲಿ ಡಿಎನ್ಎ ಉಳಿದಿರುವುದಿಲ್ಲ. ಇರೋದು ಆಕಾರ ಮಾತ್ರ.

ಆದರೆ ಡಿಎನ್ಎಗೆ ಎರಡು ವಿಷಯ ತಾನಾಗೇ ಗೊತ್ತಿಲ್ಲ. ಒಂದು, ಕಾಲ. ಇಬ್ಬರು ನೆಂಟರ ಡಿಎನ್ಎ ಎಷ್ಟು ಬೇರೆಯಾಗಿದೆ ಅಂತ ಎಣಿಸಬಹುದು, ಆದರೆ ಅಷ್ಟು ಬೇರೆಯಾಗೋಕೆ ಎಷ್ಟು ವರ್ಷ ಬೇಕಾಯಿತು ಅಂತ ಹೇಳಲು ಎಲ್ಲೋ ಒಂದು ಕಡೆ ಮೊಳೆ ಹೊಡೆಯಬೇಕು. ಆ ಮೊಳೆ ಪಳೆಯುಳಿಕೆ. ಎರಡು, ಜಾಗ. ಇವತ್ತು ಒಂದು ಗುಂಪು ಎಲ್ಲಿ ಬದುಕಿದೆ ಅನ್ನೋದು ಗೊತ್ತು. ಅಲ್ಲಿಗೆ ಅದು ಬಂದು ಸೇರಿದ್ದೋ, ಹುಟ್ಟಿನಿಂದ ಅಲ್ಲೇ ಇದ್ದದ್ದೋ? ಬದುಕಿರುವವರ ಡಿಎನ್ಎ ಊಹೆಗೆ ದಾರಿ ಕೊಡಬಹುದು. ಕಲ್ಲು ಮಾತ್ರ, "ಇಂಥ ಕಾಲದಲ್ಲಿ ಇಲ್ಲಿ ಇತ್ತು" ಅಂತ ಸಾಕ್ಷಿ ನುಡಿಯುತ್ತದೆ.

ಈಗ ನಮ್ಮ ನುಸಿಗೆ ವಾಪಸ್ ಬರೋಣ. ಅದು ಕೈರೊನೊಮಿಡೆ ಅನ್ನೋ ಕುಟುಂಬದ್ದು. ಕೆರೆ, ಹೊಳೆ ಪಕ್ಕ ಸಂಜೆ ಹೊತ್ತು ಕಂಬದ ಹಾಗೆ ಗುಂಪುಗಟ್ಟಿ ಹಾರುವ ನುಸಿಗಳಲ್ಲಿ ಇವು ಬಹಳ. ನೋಡಲು ಸೊಳ್ಳೆಯೇ, ಆದರೆ ರಕ್ತ ಹೀರುವ ಉದ್ದ ಸೊಂಡಿಲಿಲ್ಲ. ಗಂಡಿನ ಮೀಸೆ ಗರಿಯ ಹಾಗೆ ಪೊದೆ ಪೊದೆ. ಬಾಲ್ಯವೆಲ್ಲ ನೀರಿನಲ್ಲಿ. ಮರಿಹುಳು ಪ್ಯೂಪಾ (ಹುಳುವಿಗೂ ರೆಕ್ಕೆ ಬಂದ ನುಸಿಗೂ ನಡುವಿನ ಹಂತ) ಆಗಿ, ಆಮೇಲೆ ರೆಕ್ಕೆ ಬಂದು, ಹಾರಿ, ಸ್ವಲ್ಪ ದಿನದಲ್ಲೇ ಮುಗಿಯುತ್ತದೆ.

ಈ ಕುಟುಂಬದ ಒಂದು ಶಾಖೆ ಪೊಡೊನೊಮಿನೆ, ನಮ್ಮ ನುಸಿ ಸೇರೋದು ಇದಕ್ಕೇ. ತಣ್ಣನೆಯ ನೀರಿನ ನುಸಿಗಳು. ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಗೀರು ಗೀರಾಗಿ ನರಗಳು ಕಾಣುತ್ತವಲ್ಲ, ಈ ಶಾಖೆಯಲ್ಲಿ ರೆಕ್ಕೆಯ ಮುಂಭಾಗದ ಒಂದು ನರವೇ ಇಲ್ಲ. ಒಂದು ಗೀರು ಇದೆಯೋ ಇಲ್ಲವೋ ಅನ್ನೋದರ ಮೇಲೆ ಒಂದು ಮನೆತನ! ಆದರೆ ಇದ್ದದ್ದು ಕಳೆದುಹೋಗೋದು ಬೇರೆ ಬೇರೆ ಕಡೆ ಸಲೀಸಾಗಿ ಆಗಬಹುದು. ಹಾಗಾಗಿ ಯಾರೂ ಒಂದೇ ಗುರುತು ನಂಬುವುದಿಲ್ಲ. ಮೀಸೆ, ಗಂಡಿನ ಜನನಾಂಗ, ಪ್ಯೂಪಾದ ಉಸಿರಾಟದ ಕೊಂಬು, ಎಲ್ಲ ಸೇರಿಸಿ ನೋಡುತ್ತಾರೆ.

ಹಾಗೆ ನೋಡಿದವರಲ್ಲಿ ದೊಡ್ಡ ಹೆಸರು ಸ್ವೀಡನ್ನಿನ ಲಾರ್ಸ್ ಬ್ರುಂಡಿನ್. ಪೊಡೊನೊಮಿನೆ ನುಸಿಗಳು ಇವತ್ತು ಜಾಸ್ತಿ ಇರೋದು ಭೂಮಿಯ ದಕ್ಷಿಣದ ಅರ್ಧದಲ್ಲಿ. ದಕ್ಷಿಣ ಅಮೆರಿಕದ ತುದಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ನಡುವೆ ಸಾವಿರಾರು ಕಿಲೋಮೀಟರ್ ಸಮುದ್ರ. ಗಾಳಿಗೆ ಹಾರಿ ಹೋಗಿದ್ದರೆ, ನ್ಯೂಜಿಲೆಂಡಿನ ನುಸಿಗೆ ಪಕ್ಕದ ಆಸ್ಟ್ರೇಲಿಯಾದ ನುಸಿಯೇ ಅತಿ ಹತ್ತಿರದ ನೆಂಟ ಆಗಬೇಕು ಅಲ್ವಾ? ಬ್ರುಂಡಿನ್ ಹೆನ್ನಿಗರ ಪದ್ಧತಿಯಲ್ಲಿ ವಂಶವೃಕ್ಷ ಬಿಡಿಸಿದರು. ನ್ಯೂಜಿಲೆಂಡಿನ ನುಸಿಗಳ ನಂಟು ದೂರದ ದಕ್ಷಿಣ ಅಮೆರಿಕದ ಕಡೆ ಹೋಯಿತು. ಆಸ್ಟ್ರೇಲಿಯಾದವುಗಳ ನಂಟೂ ದಕ್ಷಿಣ ಅಮೆರಿಕದ ಕಡೆಗೇ ಹೋಯಿತು. ನಡುವೆ ಸೇತುವೆಯಾಗಿ ಇರಲು ಸಾಧ್ಯವಿದ್ದದ್ದು ಅಂಟಾರ್ಕ್ಟಿಕಾ ಒಂದೇ.

ಇದನ್ನು ಅವರು ಪ್ರಕಟಿಸಿದ್ದು 1966ರಲ್ಲಿ. ಖಂಡಗಳು ಜರುಗುತ್ತವೆ ಅನ್ನೋ ಮಾತನ್ನು ಎಷ್ಟೋ ಭೂವಿಜ್ಞಾನಿಗಳು ಇನ್ನೂ ಒಪ್ಪದಿದ್ದ ಕಾಲ. ಈ ಮನುಷ್ಯ ನುಸಿಗಳನ್ನು ಮುಂದಿಟ್ಟು, ದಕ್ಷಿಣದ ನೆಲವೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿತ್ತು ಅಂದರು. ಆ ಕೂಡಿದ ನೆಲದ ಹೆಸರು ಗೊಂಡ್ವಾನ. ಮಧ್ಯ ಭಾರತದ ಗೊಂಡರ ನಾಡಿನಿಂದ ಬಂದ ಹೆಸರದು. 2010ರಲ್ಲಿ ಡಿಎನ್ಎ ಹಾಕಿ ನೋಡಿದಾಗಲೂ ಆಕಾರ ಹೇಳಿದ ಮಾತು, ಡಿಎನ್ಎ ಹೇಳಿದ ಮಾತು ಹೆಚ್ಚುಕಡಿಮೆ ಒಂದೇ ಆಗಿತ್ತು.

ಎಲ್ಲ ಸರಿ, ಆದರೆ ಒಂದು ಕೊರತೆ ಉಳಿದಿತ್ತು. ಬದುಕಿರುವ ನುಸಿಗಳು ದಕ್ಷಿಣದಲ್ಲಿ ಜಾಸ್ತಿ, ಹಳೇ ಪಳೆಯುಳಿಕೆಗಳು ಮಾತ್ರ ಉತ್ತರದಲ್ಲಿ, ಸೈಬೀರಿಯಾದಂಥ ಕಡೆ. ಹಾಗಾಗಿ, ಇವು ಹುಟ್ಟಿದ್ದು ಉತ್ತರದಲ್ಲೇ, ಆಮೇಲೆ ದಕ್ಷಿಣಕ್ಕೆ ಬಂದವು ಅನ್ನೋ ವಾದಕ್ಕೂ ಬಲ ಇತ್ತು. ಈ ವಾದದಲ್ಲಿ ಒಂದು ಮೋಸವಿದೆ. ಉತ್ತರದಲ್ಲಿ ಜಾಸ್ತಿ ಸಿಕ್ಕಿದ್ದು ಅಲ್ಲಿ ಜಾಸ್ತಿ ಇದ್ದದ್ದಕ್ಕಾ, ಅಲ್ಲಿ ಜಾಸ್ತಿ ಹುಡುಕಿದ್ದಕ್ಕಾ? ಬಾಲ್ಟಿಕ್ ತೀರದ ಅಂಬರ್ (ಕಲ್ಲಾದ ಮರದ ಅಂಟು), ಚೀನಾದ ಕಲ್ಲುಪದರ, ಯುರೋಪಿನ ಮ್ಯೂಸಿಯಂಗಳು, ಎಲ್ಲ ಉತ್ತರದಲ್ಲೇ. ದಕ್ಷಿಣದ ಜುರಾಸಿಕ್ ನುಸಿಯನ್ನು ಹುಡುಕಿದವರೇ ಕಡಿಮೆ.

ಟೆಲ್ಮಾಟೊಮೈಯಾ ಬಂದು ಕೂತದ್ದು ಈ ಖಾಲಿ ಜಾಗದಲ್ಲಿ. ದಕ್ಷಿಣಾರ್ಧದಲ್ಲಿ ಈವರೆಗೆ ಸಿಕ್ಕ ಈ ಕುಟುಂಬದ ಅತಿ ಹಳೇ ಪಳೆಯುಳಿಕೆ ಇದು. 15.1 ಕೋಟಿ ವರ್ಷದ ಹಿಂದೆ ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ, ದಕ್ಷಿಣ ಅಮೆರಿಕ ಇನ್ನೂ ಬೇರೆಯಾಗಿರಲಿಲ್ಲ. ಆಗಲೇ ಪೊಡೊನೊಮಿನೆ ಅಲ್ಲಿತ್ತು. ಉತ್ತರದಿಂದ ತಡವಾಗಿ ಬಂದು ಸೇರಿದ ವಲಸೆಗಾರ ಅಂತ ಇದನ್ನ ಇನ್ನು ಸುಲಭವಾಗಿ ಹೇಳಲಾಗದು. ತಂಡದ ವಿಶ್ಲೇಷಣೆ ಗೊಂಡ್ವಾನದ ಮೂಲದ ಕಡೆ ವಾಲುತ್ತದೆ: ದಕ್ಷಿಣದಲ್ಲಿ ಹುಟ್ಟಿ ಆಮೇಲೆ ಉತ್ತರಕ್ಕೆ ಹರಡಿರಬಹುದು.

"ಇರಬಹುದು" ಅನ್ನೋ ಪದ ಮುಖ್ಯ. ಇಂಥ ಸುದ್ದಿ ಬಂದಾಗ, ಮೂಲ ಸಿಕ್ಕೇಬಿಟ್ಟಿತು ಅನ್ನೋ ತಲೆಬರಹ ನೋಡಿದರೆ ನನಗೆ ರೇಗುತ್ತದೆ. ಪಳೆಯುಳಿಕೆ ಯಾವತ್ತೂ ಕನಿಷ್ಠ ವಯಸ್ಸು ಹೇಳುತ್ತದೆ. ಅಷ್ಟು ಹೊತ್ತಿಗಾಗಲೇ ಇತ್ತು, ಅಷ್ಟೇ. ಹಳೇ ಫೋಟೋದಲ್ಲಿ ಅಜ್ಜ ಇದ್ದಾರೆ ಅಂದರೆ ಫೋಟೋ ತೆಗೆದ ದಿನ ಅಜ್ಜ ಹುಟ್ಟಿದರು ಅಂತಲ್ಲವಲ್ಲ.

ಆದರೆ ಆ ಕನಿಷ್ಠ ವಯಸ್ಸೂ ಒಬ್ಬರಿಗೇ ನಿಲ್ಲುವುದಿಲ್ಲ. ವಂಶವೃಕ್ಷದಲ್ಲಿ ಒಂದು ಕೊಂಬೆ ಎರಡಾಗಿ ಸೀಳಿದಾಗ ಎರಡೂ ಕವಲಿಗೆ ಒಂದೇ ವಯಸ್ಸು. ಒಂದು ಕವಲಿನಲ್ಲಿ 15.1 ಕೋಟಿ ವರ್ಷದ ನುಸಿ ಸಿಕ್ಕರೆ, ಇನ್ನೊಂದು ಕವಲೂ ಆಗಲೇ ಇರಲೇಬೇಕು, ಅದರ ಒಂದು ಚೂರೂ ನಮ್ಮ ಕೈಗೆ ಸಿಕ್ಕಿರದಿದ್ದರೂ. ಹೀಗೆ ಕಾಣದ ಕವಲುಗಳಿಗೆ ಭೂತವಂಶ ಅಂತ ಹೇಳೋದುಂಟು. ಒಂದು ನುಸಿಯಿಂದ ಅಕ್ಕಪಕ್ಕದ ಎಷ್ಟೋ ಮನೆಗಳ ವಯಸ್ಸು ಒಟ್ಟಿಗೆ ಹಿಂದಕ್ಕೆ ಸರಿಯಬಹುದು. ಶುರುವಿನಲ್ಲಿ ಎದ್ದು ಜಾಗ ಬದಲಿಸಬೇಕು ಅಂದದ್ದು ಇದಕ್ಕೇ.

ಇನ್ನೊಂದು ಸಣ್ಣ ವಿವರವಿದೆ, ನನಗೆ ಅದೇ ಹೆಚ್ಚು ಹಿಡಿಸಿದ್ದು. ಈ ನುಸಿಯ ದೇಹದ ತುದಿಯಲ್ಲಿ ಕಲ್ಲಿಗೆ ಅಂಟಿಕೊಳ್ಳಲು ಒಂದು ಬಿಲ್ಲೆಯಂಥ ಅಂಗ ಇತ್ತು. ಇಂಥದ್ದು ಸಮುದ್ರದ ನುಸಿಗಳಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದರು. ಅಲೆಯ ಹೊಡೆತ ತಡೆಯೋಕೆ ಬೇಕಲ್ಲ, ಕಾರಣವೂ ಸರಿಯಾಗಿ ಹೊಂದುತ್ತಿತ್ತು. ಟಾಲ್ಬ್ರಗರ್ ಸಿಹಿನೀರಿನ ಕೆರೆ. ಆ ಕಾರಣ ಅಲ್ಲಿಗೆ ಬಿದ್ದುಹೋಯಿತು. ಈ ಬಿಲ್ಲೆಯನ್ನೇ ನೆಚ್ಚಿಕೊಂಡು, ಇದು ಸಮುದ್ರದ ನುಸಿಗಳ ಅಣ್ಣತಮ್ಮ ಅಂತ ಹೇಳಿದ್ದರೆ ಸ್ಟ್ರೆಪ್ಸಿಪ್ಟೆರಾ ಕಥೆಯೇ ಮತ್ತೆ ಆಗುತ್ತಿತ್ತು. ಅಂಟಿಕೊಳ್ಳುವ ಅಗತ್ಯ ಬಿದ್ದ ಕಡೆಯೆಲ್ಲ ಅಂಟಿಕೊಳ್ಳುವ ಅಂಗ ಹುಟ್ಟಬಹುದು.

ಅಂದಹಾಗೆ, ದಕ್ಷಿಣದ ಈ ಹಳೇ ನೆಲದ ನೆನಪು ನುಸಿಗಳಿಗೆ ಮಾತ್ರ ಸೀಮಿತ ಅಲ್ಲ. ಚೇಳುನೊಣಗಳಲ್ಲಿ ನ್ಯಾನೊಕೊರಿಸ್ಟಿಡೆ ಅನ್ನೋ ಸಣ್ಣ ಕುಟುಂಬವಿದೆ. ಅದೂ ಇರೋದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ತುದಿಯಲ್ಲಿ. 2020ರಲ್ಲಿ ಬಂದ ಒಂದು ಅಧ್ಯಯನ ಚಿಗಟಗಳನ್ನು ಇದೇ ಕುಟುಂಬದ ಪಕ್ಕ ತಂದು ನಿಲ್ಲಿಸಿತು. ಅಂದರೆ ಚಿಗಟ ಚೇಳುನೊಣದ ದಾಯಾದಿ ಅಲ್ಲ, ರಕ್ತ ಕುಡಿಯೋಕೆ ಕಲಿತು ರೆಕ್ಕೆ ಬಿಟ್ಟ ಚೇಳುನೊಣವೇ! ಎಲ್ಲರೂ ಇದನ್ನು ಒಪ್ಪಿಲ್ಲ, ಜಗಳ ನಡೀತಾ ಇದೆ. ಇಲ್ಲೂ ಬೇಕಿರುವುದು ಅರ್ಧ ಚಿಗಟ, ಅರ್ಧ ಚೇಳುನೊಣದಂಥ ಒಂದು ಒಳ್ಳೇ ಪಳೆಯುಳಿಕೆ. ಎರಡು ಉದ್ದ ಕೊಂಬೆಗಳ ನಡುವೆ ಒಂದು ಸಣ್ಣ ಟಿಸಿಲು ಸಿಕ್ಕರೂ ಸಾಕು, ಆಕಸ್ಮಿಕ ಹೋಲಿಕೆ ಯಾವುದು, ನಿಜವಾದ ನಂಟು ಯಾವುದು ಅಂತ ಬೇರೆ ಮಾಡೋದು ಸುಲಭವಾಗುತ್ತದೆ.

ಪೊಡೊನೊಮಿನೆ ವಿಷಯದಲ್ಲಿ ತೀರ್ಪು ತಿರುಗಿಸುವ ಸಾಕ್ಷಿ ಎರಡು ಕಡೆಯಿಂದ ಬರಬಹುದು. ಉತ್ತರದಲ್ಲಿ ಇದಕ್ಕಿಂತ ತೀರಾ ಹಳೆಯದು, ಶಾಖೆಯ ಬುಡದಲ್ಲೇ ಕೂರುವಂಥದ್ದು ಸಿಕ್ಕರೆ ಗೊಂಡ್ವಾನದ ವಾದ ಸಡಿಲವಾಗುತ್ತದೆ. ದಕ್ಷಿಣದಲ್ಲಿ ಸಿಕ್ಕರೆ ಗಟ್ಟಿಯಾಗುತ್ತದೆ. ಹುಡುಕಲು ಅತಿ ಒಳ್ಳೇ ಜಾಗ ಬ್ರುಂಡಿನ್ ಸೇತುವೆ ಅಂದ ಅಂಟಾರ್ಕ್ಟಿಕಾವೇ. ಅಲ್ಲಿನ ಕಲ್ಲುಗಳ ಬಹುಪಾಲು ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜಿನ ಅಡಿಯಲ್ಲಿದೆ. ಮಂಜಿನ ಅಂಚಿನಲ್ಲಿ, ಸೌತ್ ಶೆಟ್ಲೆಂಡ್ ದ್ವೀಪಗಳಲ್ಲಿ, ಬೇಸಿಗೆಯಲ್ಲಿ ಮಂಜು ಕರಗಿದ ಕೊಳಗಳ ಮೇಲೆ ಒಂದು ಕಪ್ಪು ನುಸಿ ಹಾರುತ್ತದೆ. ಹೆಸರು ಪ್ಯಾರೊಕ್ಲಸ್ ಸ್ಟೈನೆನೈ. ಅಂಟಾರ್ಕ್ಟಿಕಾದ ಸ್ವಂತ ಕೀಟಗಳಲ್ಲಿ ರೆಕ್ಕೆ ಇರುವುದು ಅದೊಂದಕ್ಕೇ, ಮತ್ತೆ ಅದು ಪೊಡೊನೊಮಿನೆ.